ಎತ್ತಬೇಡಿ ಎಂದ ಮೈಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಇಳಿಜಾರು ದಾರಿಯಲ್ಲಿ ಗಾಲಿಕುರ್ಚಿಯೊಂದು ಸರಸರನೆ ಮೇಲೇರುತ್ತದೆ. ತಳ್ಳುವವರು ಯಾರೂ ಇಲ್ಲ. ಪ್ಲಾಟ್‌ಫಾರಂ ಮೇಲಿನ ಪುಟ್ಟ ಕೊಠಡಿಯ ಬೀಗ ತೆಗೆದು, ಗಂಟಲು ಸರಿಮಾಡಿಕೊಂಡು, ಎಲ್ಲರೂ ಮೈಕಕ್ಕ ಎಂದೇ ಕರೆಯುವ ಅವರು ಮೈಕಿನಲ್ಲಿ ಮೊದಲ ಬಸ್ಸು ಕೂಗುತ್ತಾರೆ. ನಿದ್ದೆಗಣ್ಣಿನ ಪ್ರಯಾಣಿಕರು ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ಆ ದನಿ ಊರಿಗೆಲ್ಲ ಗೊತ್ತು, ಮುಖ ಬಲ್ಲವರು ಕಡಿಮೆ.

ಎಳವೆಯಲ್ಲೇ ಕಾಲಿನ ಬಲ ಕಳೆದುಕೊಂಡ ಇವರು ಕೆಲಸಕ್ಕೆ ಸೇರಿದಾಗ ಇಲ್ಲಿದ್ದದ್ದು ಮೆಟ್ಟಿಲು ಮಾತ್ರ. ಹಮಾಲರು ದಿನಾ ಕುರ್ಚಿ ಸಮೇತ ಎತ್ತಿ ಮೇಲಿಡುತ್ತಿದ್ದರು. ನೋಡಿದವರೆಲ್ಲ ಹಮಾಲರನ್ನು ಹೊಗಳಿದ್ದೇ ಹೊಗಳಿದ್ದು. ಎತ್ತಿಸಿಕೊಂಡವರ ಪಾಡು ಯಾರಿಗೆ ಬೇಕು? "ಶೌಚಾಲಯ ಕೆಳಗಿದೆ. ಅಲ್ಲಿಗೆ ಹೋಗೋಕೂ ಜನ ಕೂಗಬೇಕು. ಅದಕ್ಕೇ ನೀರೇ ಕುಡೀತಿರಲಿಲ್ಲ," ಎನ್ನುತ್ತಾರೆ ಮೈಕಕ್ಕ.

ಇಳಿಜಾರು ದಾರಿ ಕೇಳಿದಾಗಲೆಲ್ಲ ನಿಲ್ದಾಣದ ವ್ಯವಸ್ಥಾಪಕರದು ಒಂದೇ ರಾಗ: "ಎತ್ತೋಕೆ ಜನ ಇದ್ದಾರಲ್ಲಮ್ಮ, ಇನ್ನೇನು ಬೇಕು?" ದಯೆಯೇ ಅಡ್ಡಗಾಲು ಹಾಕಿತ್ತು ನೋಡಿ.

ಒಂದು ಮುಂಜಾನೆ ಮೈಕಕ್ಕ ಮೆಟ್ಟಿಲ ಬುಡದಲ್ಲಿ ಬ್ರೇಕ್ ಹಾಕಿ ಕೂತುಬಿಟ್ಟರು. "ಇವತ್ತಿಂದ ನನ್ನ ಎತ್ತಬೇಡಿ ಅಣ್ಣ."

ಹಿರಿಯ ಹಮಾಲರೊಬ್ಬರ ಮುಖ ಸಪ್ಪಗಾಯಿತು. "ನಮ್ಮಿಂದ ಏನು ತಪ್ಪಾಯ್ತಕ್ಕ?"

"ತಪ್ಪೇನಿಲ್ಲ. ನೀವು ಎತ್ತುತ್ತಾ ಇರೋ ತನಕ ಅವರು ದಾರಿ ಕಟ್ಟಲ್ಲ."

ವ್ಯವಸ್ಥಾಪಕರು ಕೆಲಸದಿಂದ ತೆಗೆಯುವ ಮಾತಾಡಿದರು. ಮನೆಯಲ್ಲಿ ತಾಯಿ ಅತ್ತರು; ಸಿಕ್ಕ ಕೆಲಸವನ್ನು ಹಟಕ್ಕೆ ಬಿದ್ದು ಕಳೆದುಕೊಳ್ಳುವುದುಂಟೇ? ಹಮಾಲರು ಮಾತ್ರ ಕೈಕಟ್ಟಿ ನಿಂತರು, ಯಾರು ಹೇಳಿದರೂ ಕುರ್ಚಿ ಮುಟ್ಟಲಿಲ್ಲ. ಮೈಕು ತೆಪ್ಪಗಾಯಿತು. ನಿಲ್ದಾಣ ಸಂತೆಯಾಯಿತು. ತಾವೇ ಮೈಕು ಹಿಡಿದ ವ್ಯವಸ್ಥಾಪಕರು ಹೊರಟುಹೋದ ಬಸ್ಸನ್ನೇ ಕೂಗಿ ನಗೆಪಾಟಲಾದರು.

ವಾರ ಕಳೆಯುವುದರೊಳಗೆ ಗಾರೆಯವರು ಬಂದರು. ಮೊದಲು ಕಟ್ಟಿದ್ದು ಬರೀ ಜಾರುಬಂಡೆ, ಹತ್ತಲು ಹೋದರೆ ಕುರ್ಚಿ ಹಿಂದಕ್ಕೇ ಬರುತ್ತಿತ್ತು. ಮೈಕಕ್ಕ ಪಟ್ಟು ಬಿಡದೆ ಅದನ್ನು ಒಡೆಸಿ, ಉದ್ದಕ್ಕೆ ಎಳೆಸಿ ಕಟ್ಟಿಸಿದರು. ತಾವಾಗಿಯೇ ಮೇಲೇರಿದ ದಿನ ಶಿಳ್ಳೆ ಹೊಡೆದವರು ಅದೇ ಹಮಾಲರು. ಈಗ ಅವರ ಸಾಮಾನಿನ ಗಾಡಿಗೂ ಅದೇ ದಾರಿ, ಮಂಡಿನೋವಿನ ಅಜ್ಜಿಯರಿಗೂ ಅದೇ ದಾರಿ. ಗೆದ್ದರು ಎನ್ನಲು ಇನ್ನೇನು ಬೇಕು!

"ಇಷ್ಟು ಬಸ್ ಕೂಗ್ತೀನಿ, ಒಂದನ್ನೂ ಹತ್ತೋಕಾಗಲ್ಲ. ಮುಂದಿನ ಜಗಳ ಅದೇ," ಎನ್ನುತ್ತಾರೆ ಮೈಕಕ್ಕ.

ಇದೆಲ್ಲದರಲ್ಲಿ ಹೆಚ್ಚು ಹಿಗ್ಗು ತಂದದ್ದು ಯಾವುದು ಎಂದು ಕೇಳಿದರೆ ನಗು ತಡೆಯಲಾರರು.

"ಹೋದ ವಾರ ನಿದ್ದೆ ಹತ್ತಿ ತಡವಾಗಿ ಬಂದೆ. ಸಾಹೇಬ್ರು ಎಲ್ಲರ ಮುಂದೆ ಚೆನ್ನಾಗಿ ಬೈದ್ರು. ಮೊದಲಾಗಿದ್ರೆ 'ಪಾಪ' ಅಂತ ಸುಮ್ಮನಾಗ್ತಿದ್ರು."