ಅಕ್ಕ ಮುಡಿದ ಕಾಫಿ ಹೂ

ಗೆಳೆಯರೇ, ಇವತ್ತು ಮೂಡಿಗೆರೆ ಕಡೆಯ ಬೆಟ್ಟದ ಹಳ್ಳಿಯೊಂದಕ್ಕೆ ಹೋಗಿ ಬೈಸಿಕೊಂಡು ಬಂದೆವು. ಕಾಫಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿತ್ತು. ನಿಟ್ಟೂರಿನ ನಮ್ಮ ಭಾವ ಹೂವಿನ ಕೊಂಬೆಯೊಂದನ್ನು ಮುರಿದು ಅಕ್ಕನ ಜಡೆಗೆ ಮುಡಿಸಿದರು. ತೋಟದ ಯಜಮಾನಿ ಕತ್ತಿ ಹಿಡಿದೇ ಓಡಿಬಂದರು.

"ಯಾರ್ರೀ ಮುರಿದಿದ್ದು?"

"ಒಂದು ಕೊಂಬೆಗೆ ಯಾಕಮ್ಮ ಹಿಂಗಾಡ್ತೀರಾ, ಬುಡಿ" ಎಂದು ಭಾವನೂ ದನಿ ಏರಿಸಿದರು.

"ನೀವೇನು ಬೆಳೆಯೋದು?"

"ತೆಂಗು."

"ನಿಮ್ಮ ಮರದ ಹೊಂಬಾಳೆ ನಾನು ಮುರಿದ್ರೆ ಸುಮ್ನಿರ್ತೀರಾ?"

ಅಕ್ಕ ಹೂ ತೆಗೆಯಲು ಹೋದಳು.

"ಮುಡಿದ ಹೂವ ತೆಗೀಬಾರ್ದು ಕಣಮ್ಮ, ಇರ್ಲಿ" ಎಂದು ಯಜಮಾನಿಯೇ ಅವಳ ಕೈ ತಡೆದರು.

ಬರುವಾಗ ಗುಬ್ಬಿಯಲ್ಲಿ ಕಾಫಿಗೆಂದು ವ್ಯಾನ್ ನಿಲ್ಲಿಸಿದರೆ, ಭಾವ ಮೆಲ್ಲಗೆ ಟೀ ಹೇಳಿದರು.