ಅತ್ತೆ ಕುಟ್ಟಿಕೊಟ್ಟ ಪೀಟಾ ಚಿಪ್ಸ್

ಆ ದೊಡ್ಡ ದಿನಸಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಕಪಾಟುಗಳಿಗೆ ಸರಕು ಜೋಡಿಸುವುದು ಅವಳ ಕೆಲಸ. ಮೂಟೆ ಬಿಚ್ಚುವ ಮೊದಲೇ ಒಳಗೊಂದು ಈರುಳ್ಳಿ ಕೊಳೆತಿದೆ ಎನ್ನುತ್ತಿದ್ದಳು. ಬಿಚ್ಚಿ ಸುರಿದರೆ ಒಂದೇ ಒಂದು ಇರುತ್ತಿತ್ತು, ಅದೂ ತಳದಲ್ಲಿ. ಹನ್ನೊಂದು ವರ್ಷದಲ್ಲಿ ಆ ಮೂಗು ತಪ್ಪಿದ್ದನ್ನು ಕಂಡವರಿರಲಿಲ್ಲ.

ಒಂದು ವಾರದ ಜ್ವರ ಅದನ್ನು ಹೊತ್ತುಕೊಂಡು ಹೋಯಿತು. ಜ್ವರ ಬಿಟ್ಟಿತು, ಮೈಯಲ್ಲಿ ಕಸುವು ಬಂತು, ವಾಸನೆ ಮಾತ್ರ ಮರಳಲಿಲ್ಲ. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ನಿಂತು ಪಾತ್ರೆ ತೊಳೆಯುತ್ತಿದ್ದಳು. ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸಂಜೆ ಅವನಿಗಿಂತ ಮೊದಲು ಅವನ ಗ್ರೀಸಿನ ವಾಸನೆ ಮನೆಯೊಳಗೆ ಬರುತ್ತಿತ್ತು. ಈಗ ಅವನು ಬಾಗಿಲು ತಳ್ಳಿದರೆ ಯಾರೋ ಬಂದರೆಂದು ಬೆಚ್ಚುತ್ತಿದ್ದಳು.

ಅಂಗಡಿಯಲ್ಲಿ ಈ ವಿಷಯವಾಗಿ ಬಾಯಿ ಬಿಡಲಿಲ್ಲ. ಮೂಗಿನಕ್ಕನಿಗೆ ಮೂಗಿಲ್ಲ ಎಂದು ಹೇಗೆ ತಾನೇ ಹೇಳುವುದು? ಯಾರಾದರೂ ಪೊಟ್ಟಣ ತಂದು "ಅಕ್ಕ, ಇದು ಸರಿಯಿದ್ಯಾ ನೋಡಿ" ಎಂದರೆ ಮೂಸಿದ ಹಾಗೆ ಮಾಡಿ, ಕಳ್ಳಗಣ್ಣಿನಲ್ಲಿ ತಾರೀಖು ಓದಿ ಉತ್ತರ ಕೊಡುತ್ತಿದ್ದಳು.

ಮೂರು ತಿಂಗಳಾದ ಮೇಲೆ ಗಂಡನ ಒತ್ತಾಯಕ್ಕೆ ಡಾಕ್ಟರ ಬಳಿ ಹೋದಳು. ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಮೂಗಿಗೂ ಕಸರತ್ತು ಬೇಕಮ್ಮ" ಅಂದರು. "ಚೆನ್ನಾಗಿ ಪರಿಚಯ ಇರೋ ನಾಲ್ಕು ವಾಸನೆ ಆರಿಸ್ಕೊಳ್ಳಿ. ದಿನಾ ಬೆಳಿಗ್ಗೆ ಸಂಜೆ ಮೂಸಿ, ಮುಂಚೆ ಹೇಗಿತ್ತು ಅಂತ ನೆನಪು ಮಾಡ್ಕೊಳ್ಳಿ. ತಿಂಗಳುಗಟ್ಟಲೆ ಹಿಡೀಬಹುದು. ಬೇಜಾರಾಗಿ ಬಿಟ್ಬಿಡಬೇಡಿ."

ಅವಳು ಆರಿಸಿಕೊಂಡದ್ದು ಪೀಟಾ ಚಿಪ್ಸ್. ತೆಳ್ಳನೆಯ ರೊಟ್ಟಿಯನ್ನು ಮುಕ್ಕೋನವಾಗಿ ಕತ್ತರಿಸಿ ಗರಿಗರಿಯಾಗಿ ಬೇಯಿಸಿ ತುಂಬಿದ ಪೊಟ್ಟಣಗಳು ಅವಳ ಕಪಾಟಿನಲ್ಲೇ ಇದ್ದವು. ಮಧ್ಯಾಹ್ನದ ಬಿಡುವಿನಲ್ಲಿ ವರ್ಷಗಟ್ಟಲೆ ತಿಂದ ತಿಂಡಿ ಅದು. ಬರೀ ಉಪ್ಪಿನದು, ಬೆಳ್ಳುಳ್ಳಿಯದು, ಖಾರದ್ದು, ಚಕ್ಕೆ-ಸಕ್ಕರೆಯದು ಎಂದು ಒಂದೊಂದು ಪೊಟ್ಟಣ ಮನೆಗೆ ತಂದಳು. ನಾಲಿಗೆಗೆ ಉಪ್ಪು ಗೊತ್ತಾಯಿತು. ಖಾರ ಚುರುಕ್ಕೆಂದಿತು. ಚಕ್ಕೆಯದು ಬರೀ ಸಿಹಿ ಮರದಪುಡಿಯಂತಿತ್ತು. ಬೆಳ್ಳುಳ್ಳಿಗೂ ಉಪ್ಪಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಸುಮ್ಮನಿರುವ ಪೈಕಿಯಲ್ಲ. "ಪೊಟ್ಟಣದ ಮೇಲಿನ ಹೆಸರು ಓದ್ಕೊಂಡು ತಿಂದ್ರೆ ಅದೇನು ಪರೀಕ್ಷೆ? ಕಣ್ಣು ಮುಚ್ಚು" ಎಂದು ತಾವೇ ಎದ್ದು ಬಂದು ಸೊಸೆಯ ಕಣ್ಣಿಗೆ ಟವೆಲ್ಲು ಕಟ್ಟಿದರು.

ಅಂದಿನಿಂದ ಅತ್ತೆಯೇ ಪರೀಕ್ಷಕಿ. ಎರಡನೇ ವಾರದಲ್ಲಿ ಸೊಸೆ ಒಂದೇ ಸಮನೆ ಸರಿಯುತ್ತರ ಹೇಳತೊಡಗಿದಳು. ಗಂಡ ಚಪ್ಪಾಳೆ ತಟ್ಟಿದ. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿದರು.

"ತಡಿ ತಡಿ. ಬೆಳ್ಳುಳ್ಳಿದು ಸ್ವಲ್ಪ ದಪ್ಪ ಇದೆ, ಕಡಿದ್ರೆ ಸದ್ದು ಜಾಸ್ತಿ. ನೀನು ಕಿವಿಯಿಂದ ತಿಂತಿದೀಯ ಕಣೇ!"

ಸೊಸೆ ಸಿಕ್ಕಿಬಿದ್ದಳು. ಟವೆಲ್ಲು ಬಿಚ್ಚಿ ನಕ್ಕಳು, ನಗುತ್ತಲೇ ಅಳು ಬಂತು. "ಒಂದು ದಿನವಾದ್ರೂ ಗೆದ್ದೆ ಅನ್ಸಲಿ ಅಂತ, ಅತ್ತೆ."

ಅತ್ತೆ ಮರುದಿನ ಒರಳು ತೆಗೆದು, ನಾಲ್ಕು ಬಗೆಯನ್ನೂ ಬೇರೆ ಬೇರೆಯಾಗಿ ಕುಟ್ಟಿ, ಬಟ್ಟಲುಗಳಲ್ಲಿ ನುಣ್ಣನೆ ಪುಡಿ ಮಾಡಿಟ್ಟರು. ಇನ್ನು ಸದ್ದಿಲ್ಲ, ದಪ್ಪ ತೆಳುವಿಲ್ಲ, ನಾಲಿಗೆಗೂ ತಾಗಿಸುವಂತಿಲ್ಲ, ಮೂಗು ಮಾತ್ರ. ಹಲ್ಲಿಲ್ಲದ ಕಾರಣ ಆವರೆಗೆ ಚಿಪ್ಸಿನ ರುಚಿ ನೋಡದಿದ್ದ ಅತ್ತೆಗೆ ಈಗ ಅದೂ ಸಾಧ್ಯವಾಯಿತು. "ಚಕ್ಕೆದು ಬೊಂಬಾಟಾಗಿದೆ. ಖಾರದ್ದು ಬರೀ ಜಂಬ. ಉಪ್ಪಿಂದು ಪಾಪ, ಸಾಧು" ಎಂದು ತೀರ್ಪು ಕೊಡುತ್ತಾ ಬಟ್ಟಲು ಬರಿದು ಮಾಡುತ್ತಿದ್ದರು. ಆದರೆ ಸೊಸೆ ಮಾತ್ರ ದಿನವೂ ತಪ್ಪು ಹೇಳುತ್ತಿದ್ದಳು. ನಾಲ್ಕು ತಿಂಗಳು ಹೀಗೆಯೇ ಕಳೆಯಿತು.

ಒಂದು ಬೆಳಿಗ್ಗೆ ಎರಡನೇ ಬಟ್ಟಲು ಮೂಗಿನ ಹತ್ತಿರ ಬಂದದ್ದೇ ತಡ, ಅವಳು ಮುಖ ತಿರುಗಿಸಿ ಓಕರಿಸಿದಳು. "ಥೂ! ರಬ್ಬರ್ ಸುಟ್ಟ ವಾಸನೆ!"

ಗಂಡ ತಟ್ಟನೆ ತನ್ನ ಅಂಗಿ ಮೂಸಿಕೊಂಡ. "ನಂದಲ್ಲ ತಾನೇ?"

"ಬೆಳ್ಳುಳ್ಳಿದು ಹಿಡಿದಿದ್ದೆ" ಎಂದರು ಅತ್ತೆ.

ಅವಳು ಇದ್ದುದೂ ಕೆಟ್ಟುಹೋಯಿತೆಂದುಕೊಂಡು ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರು ಸಂತೋಷಪಟ್ಟರು! "ತಪ್ಪು ವಾಸನೆ ಬಂತು ಅಂದ್ರೆ ಮೂಗು ಏಳ್ತಾ ಇದೆ ಅಂತ. ಮುಂದುವರಿಸಿ."

ಮುಂದುವರಿಸಿದಳು. ರಬ್ಬರು ಮೆಲ್ಲಗೆ ಹಳೇ ಸೀಮೆಎಣ್ಣೆಯಾಯಿತು, ಆಮೇಲೆ ಒದ್ದೆ ಮಣ್ಣಿನಂತಾಯಿತು. ಒಂದು ಭಾನುವಾರ ಟವೆಲ್ಲು ಕಟ್ಟಿಕೊಂಡು ಬಟ್ಟಲ ಮೇಲೆ ಬಗ್ಗಿದವಳು ಮೂಗು ಮೇಲೆತ್ತಲೇ ಇಲ್ಲ.

"ಏನೇ, ನಿದ್ದೆ ಬಂತಾ?"

"ಬೆಳ್ಳುಳ್ಳಿ, ಅತ್ತೆ. ಎಣ್ಣೇಲಿ ಹುರಿದ ಬೆಳ್ಳುಳ್ಳಿ."

ಅತ್ತೆ ಬಟ್ಟಲನ್ನು ಕೆಳಗಿಟ್ಟು, ಸೊಸೆಯ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತರು.

ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಚಿಪ್ಸಿನ ಕಪಾಟಿನ ಮುಂದೆ ನಿಂತು, "ಇದ್ರಲ್ಲಿ ಯಾವುದು ಚೆನ್ನಾಗಿದೆ?" ಎಂದು ಕೇಳಿದರು. ಅವಳ ಬಾಯಿಂದ ನಿಜ ಹೊರಬಿದ್ದಿತು. "ಬೆಳ್ಳುಳ್ಳಿದು ತಗೊಳ್ಳಿ, ನೆನ್ನೆ ತಾನೇ ಗೊತ್ತಾಯ್ತು. ಚಕ್ಕೆದು ನಮ್ಮತ್ತೆಗೆ ಇಷ್ಟ, ನಂಗಿನ್ನೂ ತಿಳೀತಿಲ್ಲ. ಜ್ವರ ಬಂದು ವಾಸನೆನೇ ಹೋಗ್ಬಿಟ್ಟಿತ್ತು, ಈಗ ಒಂದೊಂದಾಗಿ ಬರ್ತಿದೆ."

ಗಿರಾಕಿ ಎರಡು ಪೊಟ್ಟಣ ತೆಗೆದುಕೊಂಡು ಹೋದರು. ಬಿಲ್ಲಿನ ಕೌಂಟರಿನಲ್ಲಿ ಕೂರುವ ಹುಡುಗಿಗೆ ಈ ಮಾತು ಕೇಳಿಸಿತ್ತು. ಬಿಡುವಿನಲ್ಲಿ ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕ, ನಂಗೂ ಎರಡು ವರ್ಷದಿಂದ ವಾಸನೆ ಇಲ್ಲ. ಯಾರಿಗೂ ಹೇಳಿಲ್ಲ. ಈಗ್ಲೂ ವಾಪಸ್ ಬರತ್ತಾ?"

"ಬಂದೇ ಬರತ್ತೆ ಅಂತ ನಾನು ಹೇಗೆ ಹೇಳ್ಲಿ? ಮೊದ್ಲು ಡಾಕ್ಟರಿಗೆ ತೋರ್ಸು. ಆಮೇಲೆ ಭಾನುವಾರ ನಮ್ಮನೆಗೆ ಬಾ."

ಆ ಭಾನುವಾರ ಹುಡುಗಿ ಬಂದಳು. ಅತ್ತೆ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಕುರ್ಚಿ ಎಳೆದು ಕೂರಿಸಿದರು. ನಂತರ ಒಳಕ್ಕೆ ಹೋಗಿ ಬೀರುವಿನಿಂದ ಇನ್ನೊಂದು ಟವೆಲ್ಲು ತಂದರು.