ಕಬ್ಬಿಣ ಯಾಕೆ ಮುರಿಯುತ್ತದೆ?

ಗೆಳೆಯರೇ, ಸರ್ಕಾರಿ ಲೋಹ ಪ್ರಯೋಗಾಲಯದಲ್ಲಿ ಸಂಶೋಧನೆಗೆ ನಾನು ಆಯ್ಕೆಯಾಗಿದ್ದೇನೆಂದು ಇವತ್ತು ಬೆಳಿಗ್ಗೆ ತಂತಿ ಬಂತು. ಮಧ್ಯಾಹ್ನದ ಬಸ್ಸಿಗೇ ಪಾಂಡವಪುರಕ್ಕೆ ಹೋಗಿ ಅಕ್ಕನಿಗೆ ಹೇಳಿದೆ. ಹೋದ ವರ್ಷ ಕಿರಂಗೂರಿನ ಹತ್ತಿರ ಕಬ್ಬಿನ ಲಾರಿಯ ಅಚ್ಚು ಮುರಿದು ಭಾವ ತೀರಿಕೊಂಡಿದ್ದರು.

"ಅಲ್ಲೇನ್ಲಾ ಕೆಲ್ಸ?" ಎಂದಳು ಅಕ್ಕ.

"ಕಬ್ಬಿಣ ಯಾಕೆ ಮುರೀತದೆ ಅಂತ ನೋಡೋದು."

ಅಲ್ಲೇ ಕೂತಿದ್ದ ಪಕ್ಕದ ಮನೆಯ ಕರೀಗೌಡರು ನಕ್ಕರು. "ಮುರ್ದಿದ್ದನ್ನ ಮನೆಗ್ ಕೊಡ್ತಾರೇನ್ಲಾ? ನಮ್ ಕಿಟಕಿಗೆ ಸರಳು ಬೇಕಿತ್ತು."

ಅಕ್ಕ ನಗಲಿಲ್ಲ. "ಮುರಿಯೋಕ್ ಮುಂಚೇನೇ ಗೊತ್ತಾಯ್ತದಾ?"

"ಒಂದೊಂದ್ ಸಲ ಗೊತ್ತಾಯ್ತದೆ ಅಕ್ಕಾ."

"ಅಂಗಾದ್ರೆ ಓದ್ ವರ್ಸವೇ ನೀನು ಅಲ್ಲಿಗ್ ಓಗ್ಬಾರ್ದಾಗಿತ್ತಾ?" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಸಂದರ್ಶನದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದವನು ನಾನು. ಅಕ್ಕನ ಮನೆಯಲ್ಲಿ ಮಾತ್ರ ಅವಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.